ಭಾನುವಾರಕ್ಕೆ ನಿಯಮ ಇದೆ, ರಂಜಾನ್‌ಗೆ ಇಲ್ಲ: ಒಂದೇ ತಂಡ, ಎರಡು ವ್ರತ

2024ರ ಮಾರ್ಚ್ 21, ಗುರುವಾರ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ಊರು. ಅಲ್ಲಿಯ ಗಡಿಯಾರದಲ್ಲಿ ಬೆಳಗ್ಗೆ 11:40ಕ್ಕೆ ಬಾಸ್ಕೆಟ್‌ಬಾಲ್ ಪಂದ್ಯ. ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ, ಅಂದರೆ ಎಲ್ಲರೂ ಬಿವೈಯು ಅಂತ ಕರೆಯುವ ತಂಡ, ಮತ್ತು ಪಿಟ್ಸ್‌ಬರ್ಗ್‌ನ ಡುಕೇನ್. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಟೂರ್ನಿಯ ಮೊದಲ ಸುತ್ತು. ಸೋತವರು ಮನೆಗೆ.

ಬಿವೈಯು ತಂಡದ ಸೆಂಟರ್, ಅಂದರೆ ಸಾಮಾನ್ಯವಾಗಿ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ, ಅಲಿ ಖಲೀಫಾ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹುಡುಗ, 6 ಅಡಿ 11 ಇಂಚು ಎತ್ತರ. ಅವತ್ತು ರಂಜಾನ್ ಉಪವಾಸದಲ್ಲಿದ್ದ. ಆ ದಿನ ಒಮಾಹಾದಲ್ಲಿ ಬೆಳಗಿನ ಜಾವ ಸುಮಾರು ಆರು ಗಂಟೆಗೆಲ್ಲ ಸಹರಿ, ಅಂದರೆ ಉಪವಾಸ ಶುರುವಾಗುವ ಮುಂಚಿನ ಊಟ, ಮುಗಿದಿರಬೇಕು. ಸೂರ್ಯ ಮುಳುಗುವುದು ಸಂಜೆ ಏಳೂವರೆ ದಾಟಿದ ಮೇಲೆ. ಮಧ್ಯೆ ಒಂದು ತುತ್ತು ಇಲ್ಲ, ಒಂದು ಗುಟುಕು ನೀರೂ ಇಲ್ಲ.

ಬಾಸ್ಕೆಟ್‌ಬಾಲ್ ನೋಡುವವರಿಗೆ ಇದರ ಅರ್ಥ ತಕ್ಷಣ ಗೊತ್ತಾಗುತ್ತದೆ, ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲೇಜು ಪಂದ್ಯ 40 ನಿಮಿಷದ್ದು, 20ರ ಎರಡು ಭಾಗ. ಒಂದೊಂದು ಭಾಗದಲ್ಲೂ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ನಿಂತ ಕೂಡಲೇ ಟಿವಿಗಾಗಿ ಬ್ರೇಕ್ ಕೊಡುತ್ತಾರೆ. ಅಂದರೆ ಒಂದು ಪಂದ್ಯಕ್ಕೆ ಇಂಥ ಎಂಟು ಬ್ರೇಕ್. ಕೋಚ್‌ಗಳು ಕೇಳಿ ಪಡೆಯುವ ಟೈಮ್‌ಔಟ್ ಬೇರೆ. ಪ್ರತಿ ಸಲವೂ ಆಟಗಾರರು ಬೆಂಚಿಗೆ ಬಂದು ಕೂರುತ್ತಾರೆ, ಯಾರೋ ಹಿಂದಿನಿಂದ ಬಾಟಲಿ ಚಾಚುತ್ತಾರೆ, ಕೋಚ್ ಬೋರ್ಡ್ ಮೇಲೆ ಗೆರೆ ಎಳೆಯುತ್ತಾ ಕಿರುಚುತ್ತಿರುತ್ತಾರೆ, ಇವರು ತಲೆ ಹಿಂದಕ್ಕೆ ಹಾಕಿ ನೀರು ಸುರಿದುಕೊಳ್ಳುತ್ತಾರೆ. ಐದು ಜನರಲ್ಲಿ ಒಬ್ಬನ ಕೈಗೆ ಮಾತ್ರ ಬಾಟಲಿ ಬರುವುದಿಲ್ಲ. ಟವೆಲ್ ಅಷ್ಟೇ. ಬಾಯಾರಿದವನ ಮುಂದೆ ಎಂಟು ಸಲ ನೀರು ಬಂದು ಹೋಗುತ್ತದೆ.

ಆ ಪಂದ್ಯ ಬಿವೈಯು ಸೋತಿತು. 71-67. ಡುಕೇನ್‌ಗೆ 1977ರ ನಂತರ ಅದೇ ಮೊದಲ ಎನ್‌ಸಿಎಎ ಟೂರ್ನಿ, 1969ರ ನಂತರ ಅದೇ ಮೊದಲ ಗೆಲುವು. ಅವರ ಸಂತೋಷ ಅವರದು. ನನಗೆ ಮಾತಾಡಬೇಕಿರುವುದು ಸೋತ ತಂಡದ ಬಗ್ಗೆ. ಯಾಕೆಂದರೆ ಅಭಿಮಾನಿಗಳು ಈ ಸೋಲಿಗೆ ಕೈ ತೋರಿಸಬಹುದಾದ ಕಾರಣಗಳಲ್ಲಿ ಎರಡು ಧರ್ಮಕ್ಕೆ ಸಂಬಂಧಿಸಿದ್ದು, ಮತ್ತು ಆ ಎರಡೂ ಬೇರೆ ಬೇರೆ ಧರ್ಮದ್ದು. ಒಂದು, ಬಿವೈಯು ಭಾನುವಾರ ಆಡುವುದಿಲ್ಲ ಎನ್ನುವುದು. ಇನ್ನೊಂದು, ಸೆಂಟರ್ ಉಪವಾಸ ಇದ್ದ ಎನ್ನುವುದು. ಒಂದೇ ತಂಡದ ಒಳಗೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸುಮ್ನೆ ಸಿಗುವುದಿಲ್ಲ.

ಭಾನುವಾರದ ಕಥೆ

ಮೊದಲು ತಂಡದ ಪರಿಚಯ. ಬಿವೈಯು ಇರುವುದು ಪ್ರೊವೊ ಎಂಬ ಊರಿನಲ್ಲಿ. ಜನ ಮಾರ್ಮನ್ ಅಂತ ಕರೆಯುವ ಲೇಟರ್ ಡೇ ಸೇಂಟ್ಸ್ ಚರ್ಚಿನ ವಿಶ್ವವಿದ್ಯಾಲಯ ಅದು. ಅಲ್ಲಿ ಮದ್ಯ ಇಲ್ಲ, ಕಾಫಿ ಟೀ ಕೂಡ ಇಲ್ಲ. ಅದೆಷ್ಟೋ ಆಟಗಾರರು ಓದಿನ ಮಧ್ಯೆ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗಿ ಬರುತ್ತಾರೆ. ಭಾನುವಾರ ಅವರಿಗೆ ದೇವರ ದಿನ, ಆ ದಿನ ಯಾವ ತಂಡವೂ ಆಡುವುದಿಲ್ಲ. ಪ್ರಾಕ್ಟೀಸ್ ಪಂದ್ಯ ಇರಲಿ, ಫೈನಲ್ ಇರಲಿ, ಆಡುವುದಿಲ್ಲ ಅಂದರೆ ಆಡುವುದಿಲ್ಲ.

ಇದನ್ನು ಅವರು ಸುಲಭಕ್ಕೆ ಗಳಿಸಿಕೊಳ್ಳಲಿಲ್ಲ. 1958ರಲ್ಲಿ ಅವರ ಬೇಸ್‌ಬಾಲ್ ತಂಡ ಕಾಲೇಜು ವರ್ಲ್ಡ್ ಸೀರೀಸ್‌ಗೆ ಅರ್ಹತೆ ಪಡೆದೂ ಭಾನುವಾರದ ಆಟ ಇದೆ ಅಂತ ಹೋಗಲಿಲ್ಲ. 1961ರಲ್ಲೂ ಅದೇ ಆಯಿತು. ಆಮೇಲೆ, 1960ರ ದಶಕದಲ್ಲಿ, ಇಂಥ ಸಂಸ್ಥೆಗಳಿಗೆ ವೇಳಾಪಟ್ಟಿ ಹೊಂದಿಸಿಕೊಡಬೇಕು ಎನ್ನುವ ನಿಯಮ ಎನ್‌ಸಿಎಎಯಲ್ಲಿ ಬಂತು. 1998ರಲ್ಲಿ ಅದನ್ನು ತೆಗೆದುಹಾಕಲು ಹೊರಟಾಗ ಬಿವೈಯು, ಕ್ಯಾಂಪ್‌ಬೆಲ್ ಮುಂತಾದ ವಿಶ್ವವಿದ್ಯಾಲಯಗಳು ಎದ್ದು ನಿಂತವು, ಬೇರೆ ಧರ್ಮದ ಸಂಸ್ಥೆಗಳೂ ದನಿ ಸೇರಿಸಿದವು, ಕೊನೆಗೆ ನಿಯಮ ಉಳಿಯಿತು. ಜನ ಅದನ್ನು ಸಲೀಸಾಗಿ 'ಬಿವೈಯು ರೂಲ್' ಅಂತಲೇ ಕರೆಯುತ್ತಾರೆ.

ಈ ನಿಯಮ ಕಾಗದದ ಮೇಲೆ ಇದ್ದರೆ ಸಾಲದು, ಪ್ರತಿ ವರ್ಷ ಯಾರೋ ಕೂತು ಅದನ್ನು ಬ್ರ್ಯಾಕೆಟ್‌ನಲ್ಲಿ, ಅಂದರೆ ಯಾರು ಯಾರ ಜೊತೆ ಎಲ್ಲಿ ಯಾವಾಗ ಆಡಬೇಕು ಎನ್ನುವ ಟೂರ್ನಿಯ ಪಟ್ಟಿಯಲ್ಲಿ, ಹೊಂದಿಸಬೇಕು. 2003ರಲ್ಲಿ ಅದು ಎಡವಿತು. ಬಿವೈಯು ತಂಡವನ್ನು ಹಾಕಿದ್ದ ಜಾಗದಲ್ಲಿ ಅವರು ಗೆಲ್ಲುತ್ತಾ ಹೋದರೆ ಸ್ಯಾನ್ ಆಂಟೋನಿಯೊದಲ್ಲಿ ಶುಕ್ರವಾರ ಮತ್ತು ಭಾನುವಾರ ಆಡಬೇಕಾಗುತ್ತಿತ್ತು. ಬ್ರ್ಯಾಕೆಟ್ ಪ್ರಕಟ ಆದ ಮೇಲೆ ತಪ್ಪು ಗೊತ್ತಾಯಿತು. ಮೊದಲೆರಡು ಸುತ್ತು ಗೆದ್ದರೆ ಆಗ ಮಿನಿಯಾಪೊಲಿಸ್‌ನ ಗುರುವಾರ-ಶನಿವಾರದ ಗುಂಪಿನ ತಂಡದ ಜೊತೆ ಅದಲುಬದಲು ಮಾಡುತ್ತೇವೆ ಅಂತ ಬ್ರ್ಯಾಕೆಟ್ ಹಾಕುವ ಸಮಿತಿ ಹೇಳಬೇಕಾಯಿತು. ಕೋಟ್ಯಂತರ ಜನ ಅಷ್ಟೊತ್ತಿಗೆ ಯಾರು ಗೆಲ್ಲುತ್ತಾರೆ ಎನ್ನುವ ತಮ್ಮ ತಮ್ಮ ಊಹೆಯನ್ನು ಬ್ರ್ಯಾಕೆಟ್‌ನಲ್ಲಿ ತುಂಬಿಕೊಂಡು ಕೂತಿದ್ದರು, ಅಂಥದ್ದರಲ್ಲಿ ಅರ್ಧ ದಾರಿಯಲ್ಲಿ ಬ್ರ್ಯಾಕೆಟ್ ಬದಲಾಗುತ್ತದೆ ಅಂದರೆ ಎಷ್ಟು ಗಲಾಟೆ ಆಗಿರಬೇಡ. ಬಿವೈಯು ಮೊದಲ ಪಂದ್ಯದಲ್ಲೇ ಕನೆಕ್ಟಿಕಟ್‌ಗೆ 58-53ರಲ್ಲಿ ಸೋತಿದ್ದರಿಂದ ಅದು ಅಲ್ಲಿಗೇ ನಿಂತಿತು.

2024ಕ್ಕೆ ಬರೋಣ. ಅದು ಬಿವೈಯು ತಂಡಕ್ಕೆ ಬಿಗ್ 12 ಕಾನ್ಫರೆನ್ಸ್‌ನಲ್ಲಿ ಮೊದಲ ವರ್ಷ. ಕಾನ್ಫರೆನ್ಸ್ ಅಂದರೆ ಲೀಗ್ ಒಳಗಿನ ಲೀಗ್ ಅಂದುಕೊಳ್ಳಿ. ವರ್ಷಪೂರ್ತಿ ತಮ್ಮತಮ್ಮಲ್ಲೇ ಆಡುವ ತಂಡಗಳ ಗುಂಪು. ಆ ವರ್ಷ ಅದರಲ್ಲಿ 14 ತಂಡ ಇದ್ದವು, ದೇಶದಲ್ಲೇ ಅತಿ ಗಟ್ಟಿ ಗುಂಪು ಅಂತ ಹೆಸರು. ಸೀಸನ್‌ಗೆ ಮುಂಚೆ ಎಲ್ಲರೂ ಬಿವೈಯು 13ನೇ ಸ್ಥಾನಕ್ಕೆ ಅಂತ ಲೆಕ್ಕ ಹಾಕಿದ್ದರು. ಆದರೆ ಅವರು 18 ಕಾನ್ಫರೆನ್ಸ್ ಪಂದ್ಯಗಳಲ್ಲಿ 10 ಗೆದ್ದರು. ಫೆಬ್ರವರಿ 27ರಂದು ಕ್ಯಾನ್ಸಸ್ ತಂಡವನ್ನು ಅವರ ಮನೆಯಂಗಳ ಆ್ಯಲನ್ ಫೀಲ್ಡ್‌ಹೌಸ್‌ನಲ್ಲೇ 76-68ರಿಂದ ಸೋಲಿಸಿದರು. ಅಲ್ಲಿ ಗೆದ್ದು ಬರುವುದು ಎಷ್ಟು ಕಷ್ಟ ಅಂತ ಈ ಆಟ ನೋಡುವವರಿಗೆಲ್ಲ ಗೊತ್ತು.

ಅಷ್ಟು ಮಾಡಿ ಅವರಿಗೆ ಎನ್‌ಸಿಎಎ ಟೂರ್ನಿಯಲ್ಲಿ ಸಿಕ್ಕಿದ್ದು 6ನೇ ಸೀಡ್. ಸೀಡ್ ಅಂದರೆ ತಂಡದ ಬಲ ನೋಡಿ ಕೊಡುವ ಕ್ರಮಾಂಕ, ಸಂಖ್ಯೆ ಚಿಕ್ಕದಾದಷ್ಟೂ ತಂಡ ಗಟ್ಟಿ. ಸಮಿತಿಯ ಪಟ್ಟಿಯಲ್ಲಿ ಅವರ ಜಾಗ ನಿಜಕ್ಕೂ 5ನೇ ಸೀಡ್‌ಗೆ ಬರುತ್ತಿತ್ತು. ಭಾನುವಾರ ತಪ್ಪಿಸಿ ಗುರುವಾರ-ಶನಿವಾರದ ಜಾಗದಲ್ಲೇ ಕೂರಿಸಬೇಕಾದ್ದರಿಂದ ಒಂದು ಮೆಟ್ಟಿಲು ಕೆಳಗೆ ಇಳಿಸಿದರು. ಇದನ್ನು ಸಮಿತಿಯವರೇ ಹೇಳಿದರು, ಮುಚ್ಚಿಡಲಿಲ್ಲ. 5ನೇ ಸೀಡ್ ಆಗಿದ್ದರೆ ಎದುರಾಳಿ 12ನೇ ಸೀಡಿನ ಯಾವುದೋ ತಂಡ ಆಗಿರುತ್ತಿತ್ತು. 6 ಆಗಿದ್ದಕ್ಕೆ 11ನೇ ಸೀಡ್ ಡುಕೇನ್ ಬಂತು.

ನನಗೆ ಇಷ್ಟ ಆದದ್ದು ಏನೆಂದರೆ, ಈ ವಿಷಯದಲ್ಲಿ ವಿಶ್ವವಿದ್ಯಾಲಯ ಗೊಣಗಲಿಲ್ಲ. ಭಾನುವಾರ ನಮ್ಮದು, ಅದಕ್ಕೆ ಬೆಲೆ ಕೊಡಬೇಕು ಅಂದರೆ ಕೊಡುತ್ತೇವೆ ಎನ್ನುವ ನಿಲುವು. ಅರವತ್ತು ವರ್ಷದಿಂದ ಹೀಗೇ ಇದ್ದಾರೆ. ವ್ರತ ಹಿಡಿಯುವುದು ಅಂದರೆ ಇದೇ ಅಲ್ವಾ? ಬೇರೆಯವರು ಸಹಾಯ ಮಾಡಿದರೆ ಒಳ್ಳೆಯದು, ಮಾಡದಿದ್ದರೂ ವ್ರತ ಬಿಡುವ ಹಾಗಿಲ್ಲ.

ಉಪವಾಸದ ಕಥೆ

ಈಗ ಖಲೀಫಾ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆಸ್ಟ್ರೇಲಿಯಾದಲ್ಲಿ ನಡೆಸುತ್ತಿದ್ದ ಗ್ಲೋಬಲ್ ಅಕಾಡೆಮಿಯಲ್ಲಿ ಪಳಗಿ, ಆಮೇಲೆ ಶಾರ್ಲಟ್ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿ ಮೊದಲ ವರ್ಷವೇ 2022ರಲ್ಲಿ ಕಾನ್ಫರೆನ್ಸ್ ಯುಎಸ್‌ಎಯ ಅತ್ಯುತ್ತಮ ಹೊಸ ಆಟಗಾರ ಅನ್ನಿಸಿಕೊಂಡವನು. 2023ರಲ್ಲಿ ಬಿವೈಯುಗೆ ಬಂದ. ಇವನ ಆಟ ಮಾಮೂಲಿ ಸೆಂಟರ್ ಥರ ಅಲ್ಲ. ಬುಟ್ಟಿಯ ಕೆಳಗೆ ನಿಂತು ತಳ್ಳಾಡುವುದಕ್ಕಿಂತ, ಮೂರು ಪಾಯಿಂಟ್ ಗೆರೆಯ ಹತ್ತಿರ ಚೆಂಡು ಹಿಡಿದು ನಿಂತು, ಯಾರು ಒಳಗೆ ನುಗ್ಗುತ್ತಿದ್ದಾರೆ ಅಂತ ನೋಡಿ, ಸರಿಯಾದ ಕ್ಷಣಕ್ಕೆ ಕೈಗೆ ಚೆಂಡು ಕೊಡುವವನು. ಒಂದು ಪಂದ್ಯಕ್ಕೆ ಸುಮಾರು ನಾಲ್ಕು ಅಸಿಸ್ಟ್, ಅಂದರೆ ಇನ್ನೊಬ್ಬರ ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್. ಇಷ್ಟು ಎತ್ತರದವನಿಗೆ ಅದು ದೊಡ್ಡದು. ಕೋಚ್ ಮಾರ್ಕ್ ಪೋಪ್ ಕಟ್ಟಿದ್ದ ಆಟದ ಶೈಲಿಯೇ ಹಾಗಿತ್ತು, ಐವರೂ ಹೊರಗೆ ಹರಡಿಕೊಂಡು ಮೂರು ಪಾಯಿಂಟಿಗೆ ಜಾಸ್ತಿ ಎಸೆಯುವುದು. ಅದರ ಕೀಲಿ ಮಧ್ಯದಲ್ಲಿ ನಿಂತ ಈ ಹುಡುಗನ ಕಣ್ಣಿನಲ್ಲಿತ್ತು.

ಆ ವರ್ಷ ಅಮೆರಿಕದಲ್ಲಿ ಮೊದಲ ರೋಜಾ ಮಾರ್ಚ್ 11ಕ್ಕೆ. ಬಿಗ್ 12 ಕಾನ್ಫರೆನ್ಸ್ ಟೂರ್ನಿಯೂ ಅದೇ ವಾರ, ಕ್ಯಾನ್ಸಸ್ ಸಿಟಿಯಲ್ಲಿ. 13ನೇ ತಾರೀಖು ಯುಸಿಎಫ್ ವಿರುದ್ಧ 87-73ರಿಂದ ಗೆದ್ದರು, ಮಾರನೇ ದಿನ ಟೆಕ್ಸಸ್ ಟೆಕ್‌ಗೆ 81-67ರಿಂದ ಸೋತರು. ವಾರ ಕಳೆದ ಮೇಲೆ ಒಮಾಹಾ. ಅಷ್ಟರಲ್ಲಿ ಸುದ್ದಿಯವರೂ ಇದನ್ನು ಎತ್ತಿಕೊಂಡಿದ್ದರು. ಮಾರ್ಮನ್ ವಿಶ್ವವಿದ್ಯಾಲಯದ ತಂಡದಲ್ಲಿ ಒಬ್ಬ ಮುಸ್ಲಿಂ ಹುಡುಗ ನೀರು ಕೂಡ ಕುಡಿಯದೆ ಆಡುತ್ತಾನಂತೆ ಅಂತ.

ಇಂಥ ಹೊತ್ತಲ್ಲಿ ಅಭಿಮಾನಿಗಳ ಮಾತು ಎರಡು ದಿಕ್ಕಿಗೆ ಓಡುತ್ತದೆ. ಒಂದು ಗುಂಪು ಹೇಳುವುದು: ಇಡೀ ವರ್ಷ ದುಡಿದ ತಂಡ, ಒಂದೇ ಒಂದು ದಿನ, ನೀರಾದರೂ ಕುಡಿಯಬಹುದಿತ್ತಲ್ಲ, ಅಥವಾ ಕೋಚ್ ಅವನನ್ನು ಕಡಿಮೆ ಆಡಿಸಬೇಕಿತ್ತು. ಇನ್ನೊಂದು ಗುಂಪು ಅವನನ್ನು ವೀರ ಮಾಡಿಬಿಡುತ್ತದೆ: ಉಪವಾಸದಿಂದಲೇ ಶಕ್ತಿ, ಮನಸ್ಸು ಗಟ್ಟಿ ಇದ್ದರೆ ದೇಹ ತಾನಾಗಿ ಬರುತ್ತದೆ. ಎರಡೂ ಮಾತು ಪ್ರೀತಿಯಿಂದಲೇ ಬರುತ್ತವೆ ಅಂತ ಗೊತ್ತು. ಆದರೆ ಎರಡೂ ಗಡಿಯಾರ ನೋಡುವುದಿಲ್ಲ. ನನ್ನ ಪ್ರಕಾರ ಈ ಇಡೀ ಪ್ರಕರಣದ ಹೂರಣ ಇರುವುದು ಗಡಿಯಾರದಲ್ಲಿ.

ಒಂದು ವರ್ಷ ಹಿಂದಕ್ಕೆ ಹೋಗಿ ನೋಡಿ. 2023ರಲ್ಲಿ ಕನೆಕ್ಟಿಕಟ್ ತಂಡದಲ್ಲಿ ಆಡಮಾ ಸನೋಗೊ ಇದ್ದ, ಮಾಲಿ ದೇಶದವನು, ಅವನೂ ಸೆಂಟರ್, ಅವನೂ ರಂಜಾನ್‌ನಲ್ಲಿ ಉಪವಾಸ. ಮಾರ್ಚ್ 25ರಂದು ಲಾಸ್ ವೇಗಸ್‌ನಲ್ಲಿ ಗೊನ್ಜಾಗಾ ವಿರುದ್ಧದ ಪಂದ್ಯ ಶುರುವಾದದ್ದು ಅಲ್ಲಿಯ ಸಂಜೆ ಆರರ ಹೊತ್ತಿಗೆ. ಸೂರ್ಯ ಮುಳುಗುವುದು ಏಳಕ್ಕೆ. ಮೊದಲಾರ್ಧ ಖಾಲಿ ಹೊಟ್ಟೆಯಲ್ಲಿ ಆಡಿದ. ದ್ವಿತೀಯಾರ್ಧಕ್ಕೆ ಮುಂಚೆ ಕಿತ್ತಳೆ ತೊಳೆ ತಿಂದು ಎಳನೀರು ಕುಡಿದ. 82-54, ಕನೆಕ್ಟಿಕಟ್ ಗೆದ್ದಿತು. ಆಮೇಲೆ ಹ್ಯೂಸ್ಟನ್‌ನಲ್ಲಿ ಸೆಮಿಫೈನಲ್, ಫೈನಲ್. ಎರಡೂ ಶುರುವಾಗುವ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗಿಯಾಗಿತ್ತು. ಮಯಾಮಿ ವಿರುದ್ಧ ಸನೋಗೊ 21 ಪಾಯಿಂಟ್, 10 ರೀಬೌಂಡ್, ಅಂದರೆ ತಪ್ಪಿದ ಎಸೆತದ ಚೆಂಡು ಹಿಡಿದದ್ದು ಹತ್ತು ಸಲ. ಫೈನಲ್‌ನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ವಿರುದ್ಧ 17 ಪಾಯಿಂಟ್, 10 ರೀಬೌಂಡ್. ಚಾಂಪಿಯನ್ ಆದರು, ಫೈನಲ್ ಫೋರ್‌ನ, ಅಂದರೆ ಕೊನೆಯ ನಾಲ್ಕು ತಂಡಗಳ ಹಂತದ, ಅತ್ಯುತ್ತಮ ಆಟಗಾರ ಅವನೇ. ಆಗ ಎಲ್ಲರ ಬಾಯಲ್ಲೂ ಉಪವಾಸದ ಶಕ್ತಿಯದೇ ಮಾತು.

ಅದೇ ಉಪವಾಸ, ಅದೇ ಜಾಗದಲ್ಲಿ ಆಡುವ ಆಟಗಾರ. ಒಬ್ಬನ ಪಂದ್ಯ ಸಂಜೆ, ಇನ್ನೊಬ್ಬನದು ಮಧ್ಯಾಹ್ನ. ಗೆದ್ದವನ ವ್ರತ ಬಲ ಆಯಿತು, ಸೋತವನ ವ್ರತ ಕಾರಣ ಆಯಿತು. ಸನೋಗೊ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ, ಅವನ ತಂಡವೂ ಆ ವರ್ಷ ಎಲ್ಲರನ್ನೂ ಉರುಳಿಸಿಕೊಂಡು ಹೋಗುತ್ತಿತ್ತು. ಆದರೆ ಅವನಿಗೆ ಟಿವಿಯವರು ಕೊಟ್ಟ ಹೊತ್ತು ಕೂಡ ಕೂಡಿಬಂತು ಎನ್ನುವುದನ್ನು ಬಿಟ್ಟು ಮಾತಾಡಿದರೆ ಖಲೀಫಾಗೆ ಅನ್ಯಾಯ.

ಮಧ್ಯಾಹ್ನದ ಪಂದ್ಯ ಅಂದರೆ ಏನಾಗುತ್ತದೆ ಅಂತ ಸ್ವಲ್ಪ ವಿವರವಾಗಿ ನೋಡೋಣ. 11:40ಕ್ಕೆ ಪಂದ್ಯ ಇದ್ದರೆ ತಂಡ ಸಾಮಾನ್ಯವಾಗಿ ಮೂರು-ನಾಲ್ಕು ಗಂಟೆ ಮುಂಚೆ ಒಟ್ಟಿಗೆ ಕೂತು ಊಟ ಮಾಡುತ್ತದೆ. ಬೆಳಗ್ಗೆ ಎಂಟರ ಸುಮಾರಿಗೆ ಅನ್ನಿ. ರೋಜಾ ಇರುವವನಿಗೆ ಅದು ಇಲ್ಲ, ಅವನ ಊಟ ಕತ್ತಲಲ್ಲೇ ಆಗಿಹೋಗಿರುತ್ತದೆ, ಅಂದರೆ ಪಂದ್ಯದ ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯೂ ಇಲ್ಲ. ಆಟ ಶುರುವಾಗುವ ಹೊತ್ತಿಗೆ ಊಟ ಆಗಿ ಐದೂವರೆ ಗಂಟೆ. ಇಷ್ಟೇ ನೋಡಿದರೆ ಪರವಾಗಿಲ್ಲ ಅನ್ನಿಸಬಹುದು, ಸಂಜೆ ನಾಲ್ಕಕ್ಕೆ ಶುರುವಾಗುವ ಪಂದ್ಯಕ್ಕಿಂತ ಹೊಟ್ಟೆಯ ಮಟ್ಟಿಗೆ ಇದೇ ವಾಸಿ. ತೊಂದರೆ ನೀರಿನದು. ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಬೆವರಾಗಿ ಹೋದರೆ ಆಟ ಕುಗ್ಗಲು ಶುರುವಾಗುತ್ತದೆ ಎನ್ನುವುದು ಕ್ರೀಡಾ ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ. 100 ಕೆ.ಜಿ. ತೂಗುವವನಿಗೆ ಎರಡು ಲೀಟರ್. ಉಳಿದವರು ಎಂಟು ಬ್ರೇಕ್‌ನಲ್ಲಿ ಅದನ್ನು ತುಂಬಿಕೊಳ್ಳುತ್ತಾ ಹೋಗುತ್ತಾರೆ, ಇವನದು ಇಳಿಯುತ್ತಲೇ ಹೋಗುತ್ತದೆ.

ಇದರಾಚೆ ಇನ್ನೊಂದಿದೆ, ಅದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಪಂದ್ಯ ಮುಗಿದಾಗ ಮಧ್ಯಾಹ್ನ ಎರಡರ ಆಸುಪಾಸು. ಸೂರ್ಯ ಮುಳುಗಲು ಇನ್ನೂ ಐದೂವರೆ ಗಂಟೆ. ಬೆವರಿ ಒದ್ದೆಯಾಗಿ, ಸೋತು, ಡ್ರೆಸ್ಸಿಂಗ್ ರೂಮಿನಲ್ಲಿ ಕೂತಾಗಲೂ ನೀರು ಇಲ್ಲ. ಗೆದ್ದಿದ್ದರೂ ಇಲ್ಲ. ಗೆದ್ದಿದ್ದರೆ ಶನಿವಾರ ಮತ್ತೊಂದು ಪಂದ್ಯ, ಅಷ್ಟರಲ್ಲಿ ದೇಹ ಸುಧಾರಿಸಿಕೊಳ್ಳಲು ಇವನಿಗೆ ಸಿಗುತ್ತಿದ್ದುದು ರಾತ್ರಿ ಮಾತ್ರ. ನಮ್ಮಲ್ಲಿ ನಿರ್ಜಲ ಏಕಾದಶಿ ಮಾಡುವ ಮನೆಗಳಲ್ಲಿ ಬೆಳೆದವರಿಗೆ ಮಧ್ಯಾಹ್ನದ ಮೂರು ಗಂಟೆ ಅಂದರೆ ಏನು ಅಂತ ಗೊತ್ತಿರುತ್ತದೆ. ನಾಲಿಗೆ ಅಂಗುಳಿಗೆ ಅಂಟುವ ಹೊತ್ತು ಅದು. ಮನೆಯಲ್ಲಿ ಫ್ಯಾನ್ ಕೆಳಗೆ ಕೂತವರಿಗೇ ಹಾಗೆ.

ಹಾಗಾದರೆ ಉಪವಾಸದಿಂದಲೇ ಸೋತರಾ? ನಾನು ಹಾಗೆ ಹೇಳುವುದಿಲ್ಲ. ಅವತ್ತು ಬಿವೈಯು ಉದ್ದಕ್ಕೂ ಹಿಂದೆ ಬಿದ್ದು, ಕೊನೆಯ ನಿಮಿಷಗಳಲ್ಲಿ ಸಮ ಮಾಡಿಕೊಂಡು, ಮತ್ತೆ ಕೈಬಿಟ್ಟಿತು. ಜ್ಯಾಕ್ಸನ್ ರಾಬಿನ್ಸನ್ 25 ಪಾಯಿಂಟ್ ಹೊಡೆದ. ಉಳಿದವರ ಮೂರು ಪಾಯಿಂಟ್ ಎಸೆತಗಳು ಬೀಳಲಿಲ್ಲ, ಆ ತಂಡದ ಜೀವವೇ ಅದು, ಅದು ನಿಂತರೆ ಯಾರು ಏನು ಮಾಡಿದರೂ ಕಷ್ಟ. ಎಸೆತ ತಪ್ಪಿದವರೆಲ್ಲ ಉಪವಾಸ ಇದ್ದವರಲ್ಲ. ಅದೂ ಅಲ್ಲದೆ ಖಲೀಫಾಗೆ ಮೊಣಕಾಲಿನ ತೊಂದರೆ ಇತ್ತು. ಆ ಸೀಸನ್ ಮುಗಿದ ಮೇಲೆ ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ಮುಂದಿನ ಇಡೀ ವರ್ಷ ಆಡದೆ ಹೊರಗೆ ಕೂತ. ನೋಯುವ ಮೊಣಕಾಲು ಯಾರಿಗೂ ಕಾಣುವುದಿಲ್ಲ, ಉಪವಾಸ ಸುದ್ದಿಯಾಗಿ ಎಲ್ಲರಿಗೂ ಕಾಣುತ್ತದೆ. ಕಂಡದ್ದರ ಮೇಲೆ ಹೊಣೆ ಹೊರಿಸುವುದು ಸುಲಭ.

'ನೀರಾದರೂ ಕುಡಿಯಬಹುದಿತ್ತಲ್ಲ' ಎನ್ನುವ ಮಾತಿಗೆ ಬರುತ್ತೇನೆ. ಇಸ್ಲಾಂನಲ್ಲಿ ಪ್ರಯಾಣದಲ್ಲಿರುವವರು, ಕಾಯಿಲೆ ಇರುವವರು ರೋಜಾ ಬಿಟ್ಟು, ಮುಂದೆ ಬೇರೆ ದಿನ ಅದನ್ನು ತೀರಿಸಲು ಅವಕಾಶ ಇದೆ. ಕೆಲವು ಆಟಗಾರರು ಪಂದ್ಯದ ದಿನ ಹಾಗೇ ಮಾಡುತ್ತಾರೆ. ಅದರಿಂದ ಅವರ ಭಕ್ತಿ ಕಡಿಮೆ ಅಂತ ಯಾರೂ ಹೇಳಬಾರದು. ಖಲೀಫಾ ಇಡುತ್ತೇನೆ ಅಂದ. ಅದು ಅವನಿಗೂ ಅವನ ದೇವರಿಗೂ ಬಿಟ್ಟದ್ದು. ಈ ಅವಕಾಶ ಇದೆಯಲ್ಲ ಅಂತ ಅವನ ಪರವಾಗಿ ನಾವು ತೀರ್ಮಾನ ಮಾಡಲು ಆಗುವುದಿಲ್ಲ, ಹಾಗೆ ನೋಡಿದರೆ ಬಿವೈಯು ಕೂಡ 'ಒಂದು ಭಾನುವಾರ ಆಡಿಬಿಡಿ' ಎನ್ನುವ ಮಾತನ್ನು ದಶಕಗಳಿಂದ ಕೇಳುತ್ತಲೇ ಬಂದಿದೆ. ಆ ಮಾತು ಹೇಳಿದವರಿಗೆ ಬಿವೈಯು ಅಭಿಮಾನಿಗಳು ಏನು ಉತ್ತರ ಕೊಟ್ಟಿದ್ದರೋ, ಅದೇ ಉತ್ತರ ಈ ಹುಡುಗನ ವಿಷಯಕ್ಕೂ ಸಲ್ಲಬೇಕು.

ಅವನಿಗೆ ಬಿವೈಯು ಒಗ್ಗಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಮಾರ್ಮನ್ನರೂ ಪ್ರತಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಡುತ್ತಾರೆ, ನೀರೂ ಮುಟ್ಟುವುದಿಲ್ಲ, ಉಳಿದ ಊಟದ ದುಡ್ಡನ್ನು ಬಡವರಿಗಾಗಿ ಚರ್ಚಿಗೆ ಕೊಡುತ್ತಾರೆ. ನೀರಿಲ್ಲದ ಉಪವಾಸ ಅಂದರೆ ಏನು ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮದ್ಯ ಇಲ್ಲದ ಕ್ಯಾಂಪಸ್, ಪ್ರಾರ್ಥನೆಗೆ ಮರ್ಯಾದೆ ಇರುವ ಜಾಗ. ದೂರದಿಂದ ನೋಡಿದರೆ ಎರಡು ಬೇರೆ ಲೋಕ, ಒಳಗೆ ಹೋದರೆ ಅಕ್ಕಪಕ್ಕದ ಮನೆ.

ಎರಡನ್ನೂ ಪಕ್ಕದಲ್ಲಿ ಇಟ್ಟರೆ

ಭಾನುವಾರ ಸಂಸ್ಥೆಯ ವ್ರತ. ಅದಕ್ಕೆ ಅಧ್ಯಕ್ಷರು, ವಕೀಲರು, ಚರ್ಚು, ಅರವತ್ತು ವರ್ಷದ ಹಟ, ಎಲ್ಲ ಬೆನ್ನಿಗಿದೆ. ಅದರಿಂದ ಅದು ನಿಯಮ ಆಯಿತು. ಬ್ರ್ಯಾಕೆಟ್ ಹಾಕುವ ಕೋಣೆಯಲ್ಲಿ ಯಾರೋ ಒಬ್ಬರು 'ಇವರಿಗೆ ಭಾನುವಾರ ಆಗಲ್ಲ' ಅಂತ ನೆನಪಿಸಲೇಬೇಕು. ರಂಜಾನ್ ಆಟಗಾರನ ವ್ರತ. ಒಂದು ತಂಡದಲ್ಲಿ ಒಬ್ಬ, ಇನ್ನೊಂದರಲ್ಲಿ ಇಬ್ಬರು, ಮತ್ತೊಂದರಲ್ಲಿ ಯಾರೂ ಇಲ್ಲ. ಅವರ ಪರವಾಗಿ ಆ ಕೋಣೆಯಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ. ಹಾಗಾಗಿ 2024ರ ಬಿವೈಯು ತಂಡ ಗುರುವಾರ ಆಡಬೇಕು ಎನ್ನುವುದು ವ್ರತಕ್ಕಾಗಿ ತೀರ್ಮಾನ ಆಯಿತು, ಅದೇ ಗುರುವಾರ 11:40ಕ್ಕೆ ಆಡಬೇಕು ಎನ್ನುವುದು ಟಿವಿಗಾಗಿ ತೀರ್ಮಾನ ಆಯಿತು. ದಿನಕ್ಕೆ ಕೊಟ್ಟ ಬೆಲೆ ಗಂಟೆಗೆ ಸಿಗಲಿಲ್ಲ.

ಇದಕ್ಕೆ ಒಂದು ಒಳ್ಳೆಯ ಎದುರು ವಾದ ಇದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಒಬ್ಬ ಆಟಗಾರನಿಗಾಗಿ ಇಡೀ ಟೂರ್ನಿಯ ಹೊತ್ತು ಬದಲಿಸಲು ಆಗುತ್ತದಾ? ಎದುರು ತಂಡದಲ್ಲೂ ಒಬ್ಬ ಇದ್ದರೆ? ಒಂದು ದಿನಕ್ಕೆ 16 ಪಂದ್ಯ ಇರುವಾಗ ಎಲ್ಲರಿಗೂ ಸಂಜೆ ಎಲ್ಲಿಂದ ತರುವುದು? ನಿಜ. ನಿಯಮ ಬೇಕು ಅಂತ ನಾನೂ ಹೇಳುತ್ತಿಲ್ಲ. ಖಲೀಫಾ ಯಾವ ರಿಯಾಯಿತಿಯನ್ನೂ ಕೇಳಿದವನಲ್ಲ. ನಾನು ಕೇಳುವುದು ಇಷ್ಟೇ, ಆ ಪ್ರಶ್ನೆಯನ್ನು ಯಾರಾದರೂ ಆ ಕೋಣೆಯಲ್ಲಿ ಎತ್ತಬೇಕು. ಗುರುವಾರ ರಾತ್ರಿಯ ಹೊತ್ತೂ ಖಾಲಿ ಇದೆ, ಮಧ್ಯಾಹ್ನದ್ದೂ ಇದೆ, ಈ ತಂಡದಲ್ಲಿ ರೋಜಾ ಇಡುವವನೊಬ್ಬ ಇದ್ದಾನೆ, ಎರಡರಲ್ಲಿ ಯಾವುದು? ಟಿವಿ ನೋಡುವವರ ಲೆಕ್ಕ ಆಮೇಲೆ ಗೆದ್ದರೂ ಗೆಲ್ಲಲಿ, ಕೇಳಿದ್ದಂತೂ ಆಗುತ್ತದೆ.

ಉಳಿದದ್ದು ತಂಡದ ಕೈಯಲ್ಲೇ ಇದೆ. ಸಹರಿಗೆ ಹೋಟೆಲಿನ ಅಡುಗೆಮನೆ ತೆರೆಸಿ ಸರಿಯಾದ ಊಟ ಮಾಡಿಸುವುದು. ಪ್ರಾಕ್ಟೀಸನ್ನು ಇಫ್ತಾರ್ ನಂತರಕ್ಕೆ ಅಥವಾ ಅದಕ್ಕೆ ತಟ್ಟನೆ ಮುಂಚಿನ ಹೊತ್ತಿಗೆ ತಳ್ಳುವುದು. ರಾತ್ರಿ ಸ್ವಲ್ಪ ಸ್ವಲ್ಪವೇ ನೀರು ಕುಡಿಸುತ್ತಾ ಬರುವುದು, ಒಂದೇ ಸಲ ಎರಡು ಲೀಟರ್ ಅಲ್ಲ. ಆಡುವ ನಿಮಿಷಗಳನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹಂಚುವುದು. ಮತ್ತು ಕೋಚ್ ಒಂದು ಮಾತು ಬಾಯಿಬಿಟ್ಟು ಹೇಳುವುದು: ನೀನು ಇಟ್ಟರೂ ಸರಿ, ಬಿಟ್ಟರೂ ಸರಿ, ನಿನ್ನ ಜಾಗಕ್ಕೆ ಏನೂ ಆಗುವುದಿಲ್ಲ. ಹತ್ತೊಂಬತ್ತು-ಇಪ್ಪತ್ತರ ಹುಡುಗರು ಕೋಚ್ ಮುಖ ನೋಡಿ ತೀರ್ಮಾನ ಮಾಡುತ್ತಾರೆ, ಆ ಮುಖದಲ್ಲಿ ಒಂದು ಗೆರೆ ಆಚೀಚೆ ಆದರೂ ಗೊತ್ತಾಗುತ್ತದೆ.

ಇದು ದೊಡ್ಡವರ ಆಟದಲ್ಲಿ ಹೊಸದೇನೂ ಅಲ್ಲ. ಎನ್‌ಬಿಎಯಲ್ಲಿ ಹಕೀಮ್ ಒಲಾಜುವಾನ್ 1995ರ ಫೆಬ್ರವರಿಯಲ್ಲಿ ರಂಜಾನ್ ಉಪವಾಸ ಇಟ್ಟುಕೊಂಡೇ ಆ ತಿಂಗಳ ಅತ್ಯುತ್ತಮ ಆಟಗಾರ ಆದವರು. ಅಭಿಮಾನಿಗಳು ಈ ಉದಾಹರಣೆಯನ್ನು ಪದೇ ಪದೇ ತರುತ್ತಾರೆ, 'ಹಕೀಮ್ ಮಾಡಿದ್ದರಲ್ಲ' ಅಂತ. ಆದರೆ ಫೆಬ್ರವರಿಯ ಹಗಲು ಚಿಕ್ಕದು, ಎನ್‌ಬಿಎ ಪಂದ್ಯಗಳಲ್ಲಿ ಹೆಚ್ಚಿನವು ರಾತ್ರಿ. ಕತ್ತಲಾಗಿ ಒಂದು ಗಂಟೆ ಆದ ಮೇಲೆ ಆಡುವುದಕ್ಕೂ ನಡು ಹಗಲಲ್ಲಿ ಆಡುವುದಕ್ಕೂ ಹೋಲಿಕೆ ಇಲ್ಲ. ಹಕೀಮ್ ಮಾಡಿದ್ದು ಚಿಕ್ಕದು ಅಂತ ಇದರ ಅರ್ಥ ಅಲ್ಲ. ಅವರ ಹೆಸರು ಹೇಳಿ ಇನ್ನೊಬ್ಬ ಹುಡುಗನನ್ನು ಚಿಕ್ಕವನನ್ನಾಗಿ ಮಾಡಬಾರದು ಅಷ್ಟೇ.

ಇನ್ನು ಮುಂದೆ ಏನು? ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಮಾರ್ಚ್ 1ಕ್ಕೆ ಶುರುವಾಗಿ ಕಾನ್ಫರೆನ್ಸ್ ಟೂರ್ನಿಗಳನ್ನೂ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತುಗಳನ್ನೂ ಪೂರ್ತಿ ಆವರಿಸಿತ್ತು. 2026ರಲ್ಲಿ ಫೆಬ್ರವರಿ 18ರ ಸುಮಾರು, 2027ರಲ್ಲಿ ಫೆಬ್ರವರಿ 8ರ ಸುಮಾರು. ಅಂದರೆ ವಿಷಯ ಎನ್‌ಸಿಎಎಯ ಕೈಯಿಂದ ಜಾರಿ ಕಾನ್ಫರೆನ್ಸ್‌ಗಳ ಕೈಗೆ ಬರುತ್ತಿದೆ. ಫೆಬ್ರವರಿ ಪೂರ್ತಿ ಕಾನ್ಫರೆನ್ಸ್ ಪಂದ್ಯಗಳೇ. ವಾರದ ದಿನಗಳ ಪಂದ್ಯ ಹೆಚ್ಚಾಗಿ ಸಂಜೆ ಏಳಕ್ಕೋ ಎಂಟಕ್ಕೋ, ಫೆಬ್ರವರಿಯಲ್ಲಿ ಆರರ ಆಸುಪಾಸಿಗೆ ಕತ್ತಲು, ಹಾಗಾಗಿ ಹುಡುಗರು ಖರ್ಜೂರ ತಿಂದು ನೀರು ಕುಡಿದು ಅಂಗಳಕ್ಕೆ ಇಳಿಯಬಹುದು. ಅಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಶನಿವಾರ ಮಧ್ಯಾಹ್ನದ ಪಂದ್ಯಗಳಲ್ಲಿ. ಒಂದು ಕಾನ್ಫರೆನ್ಸ್‌ನಲ್ಲಿ ಶನಿವಾರಕ್ಕೆ ಆರೇಳು ಪಂದ್ಯ ಇರುತ್ತವೆ, ಕೆಲವು ಮಧ್ಯಾಹ್ನ, ಕೆಲವು ರಾತ್ರಿ. ರಂಜಾನ್ ಯಾವಾಗ ಬರುತ್ತದೆ ಅಂತ ವರ್ಷಗಟ್ಟಲೆ ಮುಂಚೆಯೇ ಗೊತ್ತು, ಒಂದು ದಿನ ಆಚೀಚೆ ಅಷ್ಟೇ. ಯಾವ ತಂಡದಲ್ಲಿ ರೋಜಾ ಇಡುವ ಹುಡುಗರು ಇದ್ದಾರೆ ಎನ್ನುವುದು, ಅವರು ಹೇಳಲು ಒಪ್ಪಿದರೆ, ಸೀಸನ್ ಶುರುವಾಗುವ ನವೆಂಬರ್ ಹೊತ್ತಿಗೆ ಗೊತ್ತಾಗುತ್ತದೆ. ರಂಜಾನ್ ಬೀಳುವ ಆ ಮೂರು-ನಾಲ್ಕು ಶನಿವಾರಗಳಲ್ಲಿ ಅಂಥ ತಂಡಗಳಿಗೆ ರಾತ್ರಿಯ ಹೊತ್ತು ಹಾಕಲು ನವೆಂಬರ್‌ನಿಂದ ಮೂರು ತಿಂಗಳು ಸಮಯ ಇರುತ್ತದೆ.